ಒಂಬತ್ತು ಪಾದದ ಕುಣಿ

ಸಾಯಬಣ್ಣ ಹೆಗಲ ಮೇಲೆ ಹಾರೆ ಹೊತ್ತು ಓಣಿಯಲ್ಲಿ ನಡೆದು ಬಂದರೆ ಕಟ್ಟೆಯ ಮೇಲೆ ಕುಳಿತ ಮುದುಕರು ಮಾತು ನಿಲ್ಲಿಸುತ್ತಿದ್ದರು. ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಶಹಾಬಾದಿನ ಕಲ್ಲು ಗಣಿಯಲ್ಲಿ ಇಪ್ಪತ್ತೆರಡು ವರ್ಷ ಪದರ ಪದರವಾಗಿ ಪರಸಿ ಚಪ್ಪಡಿ ಎಬ್ಬಿಸಿದ ಕೈ ಅವನದು. ಕಾಗಿಣಾ ದಂಡೆಯ ಆ ಊರಿನ ನೆಲ ನೋಡಲಿಕ್ಕಷ್ಟೇ ಎರೆಮಣ್ಣು, ಒಂದು ಮೊಳ ಅಗೆದರೆ ಹಾಸುಗಲ್ಲು. ಒಕ್ಕಲಿಗರ ಗುದ್ದಲಿ ಅಲ್ಲಿಗೆ ಠಣ್ಣೆಂದು ನಿಂತುಬಿಡುತ್ತಿತ್ತು. ಹಾಗಾಗಿ ಊರಲ್ಲಿ ಯಾರು ಸತ್ತರೂ ಕುಣಿ ತೋಡಲು ಗಣಿಯ ಸಾಯಬಣ್ಣನೇ ಬೇಕು. ಬೇಕಾದಾಗ ಮನೆತನಕ ಬಂದು ಕೈಮುಗಿಯುತ್ತಿದ್ದ ಜನವೇ, ಉಳಿದ ದಿನಗಳಲ್ಲಿ ಅವನು ಎದುರಿಗೆ ಬಂದರೆ ಪಕ್ಕದ ಸಂದಿ ಹಿಡಿಯುತ್ತಿದ್ದರು. ಜನ ಎಂದರೆ ಹಾಗೆಯೇ.

ಗುರುಬೋಧೆ ಪಡೆದವರನ್ನು ಆ ಊರಲ್ಲಿ ಮಲಗಿಸಿ ಹೂಳುತ್ತಿರಲಿಲ್ಲ, ಕೂರಿಸಿ ಹೂಳುತ್ತಿದ್ದರು. ಒಂಬತ್ತು ಪಾದ ಉದ್ದ, ಐದು ಪಾದ ಅಗಲ, ಆಳು ಮುಳುಗುವಷ್ಟು ಆಳ, ಒಂದು ಗೋಡೆಯಲ್ಲಿ ಕೂರಲು ಗೂಡು. ಪಾದ ಎಂದರೆ ಒಳಗೆ ಕೂರುವವನದೇ ಪಾದ. ಸಾಯಬಣ್ಣ ಹೆಣದ ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ದಾರ ಹಿಡಿದು, ಗಂಟು ಹಾಕಿ, ಆ ಗಂಟಿನ ಅಳತೆಯಲ್ಲೇ ಕುಣಿ ತೋಡುತ್ತಿದ್ದ. ಹಾಗೆ ಅರವತ್ತಕ್ಕಿಂತ ಹೆಚ್ಚು ಮಂದಿಯ ಪಾದಕ್ಕೆ ದಾರ ಹಿಡಿದಿದ್ದ. ಯಾರ ಪಾದದಿಂದ ಅಳೆದಿರುತ್ತದೋ ಕುಣಿ ಅವರನ್ನೇ ಕೇಳುತ್ತದೆ ಎಂದು ಊರು ನಂಬಿತ್ತು. ಸಾಯಬಣ್ಣನೂ ನಂಬಿದ್ದ.

ಅವನಿಗಿದ್ದ ಗೆಳೆಯ ಒಬ್ಬನೇ, ಹಣಮಂತರಾಯ. ಇಬ್ಬರೂ ಗಣಿಯಲ್ಲಿ ಒಂದೇ ಪಾಳಿ. ಸಾಯಬಣ್ಣ ಹಾರೆ ಹಾಕಿ ಪದರ ಎತ್ತಿದರೆ ಹಣಮಂತರಾಯ ಚಾಣ ಹಿಡಿದು ಅಂಚು ಹೊಡೆಯುತ್ತಿದ್ದ. ಸಂಜೆ ಊರಿಗೆ ಬಂದರೆ ಹಣಮಂತರಾಯನ ಏಕತಾರಿ, ಸಾಯಬಣ್ಣನ ತಾಳ. ಪದ ಹಾಡುವವನು ಹಣಮಂತರಾಯ ಮಾತ್ರ. ಗಣಿಯ ಪಾಳಿಯ ಮೇಲೆ ಅವನೇ ಕಟ್ಟಿದ ಒಂದು ಪದವಿಲ್ಲದೆ ಊರಿನ ಭಜನೆ ಮುಗಿಯುತ್ತಿರಲಿಲ್ಲ. ಸಾಯಬಣ್ಣನ ಗಂಟಲು ಹಾಡಿಗೆ ಬಂದದ್ದಲ್ಲ, ಅವನೂ ಆ ಆಸೆ ಇಟ್ಟುಕೊಂಡಿರಲಿಲ್ಲ. ಅಂಚು ಹೊಡೆಯುವಾಗ ಏಳುವ ಬಿಳಿ ಧೂಳು ಇಪ್ಪತ್ತು ವರ್ಷ ಹಣಮಂತರಾಯನ ಎದೆಯೊಳಗೆ ಇಳಿಯಿತು. ರಾಜ್ಯಕ್ಕಿನ್ನೂ ಮೈಸೂರೆಂದೇ ಹೆಸರಿದ್ದ ಕಾಲ, ಅರವತ್ತೊಂಬತ್ತನೇ ಇಸವಿಯ ಬೇಸಿಗೆ. ದೊಡ್ಡ ದವಾಖಾನೆಯ ಡಾಕ್ಟರು ಎದೆಯ ಫೋಟೋ ಬೆಳಕಿಗೆ ಹಿಡಿದು ನೋಡಿ, ಮನೆಗೆ ಕರೆದುಕೊಂಡು ಹೋಗಿ, ಬೇಕೆಂದದ್ದು ತಿನ್ನಿಸಿ ಎಂದರು.

ಮನೆಗೆ ಬಂದ ಹಣಮಂತರಾಯ ಹೊರಸಿನ ಮೇಲೆ ದಿಂಬಿಗೆ ಒರಗಿ, ಮದುವೆ ಗೊತ್ತಾದವನಂತೆ ಮುಖ ಅರಳಿಸಿಕೊಂಡು ಕುಳಿತಿದ್ದ. ಸಾಯಬಣ್ಣನಿಗೆ ಅದನ್ನು ನೋಡಿಯೇ ಸಿಟ್ಟು ಬಂತು.

"ಸಾಯಬಣ್ಣ, ನನ್ನ ಕುಣಿ ತೋಡಿಬಿಡೋ."

"ನಿನ್ನ ಬಾಯಾಗ ಮಣ್ಣ ಬೀಳ್ಲಿ!"

"ಅದೇ ಕೇಳ್ಲಿಕತ್ತೀನಿ ಮಾರಾಯ. ಬೀಳಸಾವ ನೀನೇ ಅಲ್ಲೇನು?" ಹಣಮಂತರಾಯ ನಕ್ಕು, ನಕ್ಕಿದ್ದಕ್ಕೆ ಕೆಮ್ಮಿ, ಕೆಮ್ಮು ನಿಂತ ಮೇಲೆ ಹೇಳಿದ. "ಬಿಸಲು ಭಾಳ ಅದ. ನಾ ಹೋದ ಮ್ಯಾಲ ನೀ ಎರಡು ದಿನ ಕಲ್ಲು ಒಡ್ಕೋತ ಕುಂತ್ರ ಹೆಣ ಇಟಗೊಂಡು ಮಂದಿ ಎಷ್ಟೊತ್ತು ಕಾಯಬೇಕು? ಈಗೇ ತೋಡಿಡು. ನಾನೇ ಬಂದು ನನ್ನ ಕಾಲಿಲೆ ಅಳತಿ ಹಾಕ್ತೀನಿ. ಮನಿ ಕಟ್ಟಾಗ ಮಾಲಕ ಬಂದು ನೋಡಬ್ಯಾಡೇನು?"

ಹೆಂಡತಿ ಸುಂದರಬಾಯಿ ಒಲೆಯ ಮುಂದೆ ಕುಳಿತು ಹೊಗೆಗೋ ಮತ್ತೆ ಯಾವುದಕ್ಕೋ ಕಣ್ಣೊರೆಸಿಕೊಂಡಳು. "ಹೂಂ ಅನ್ನು ಯಣ್ಣಾ," ಎಂದಳು. "ಮೂರು ದಿನದಿಂದ ಇದೇ ಹಟ ಹಿಡದಾರ."

ಸಾಯಬಣ್ಣ ಹೂಂ ಎಂದ. ಆಮೇಲೆ ಎರಡು ದಿನ ಗಣಿಗೆ ಹೋಗಲಿಲ್ಲ. ಮಾತಾಗಿದ್ದ ಬೆಳಿಗ್ಗೆ ಗೆಳೆಯನನ್ನು ಕರೆಯಲು ಹೋದರೆ ಅವನು ಹೊರಸಿನಿಂದ ಏಳುವ ಸ್ಥಿತಿಯಲ್ಲಿ ಇರಲಿಲ್ಲ. ಮಲಗಿದಲ್ಲೇ ಕಾಲು ಮುಂದೆ ಚಾಚಿ, "ದಾರ ಹಿಡಕೊಂಡು ಹೋಗು," ಎಂದ. ಸಾಯಬಣ್ಣ ಜೇಬಿಗೆ ಕೈ ಹಾಕಿದ. ದಾರ ಇತ್ತು. ಆದರೆ ಆ ದಾರ ಅಲ್ಲಿಯವರೆಗೆ ಬಿಸಿಯಿದ್ದ ಒಂದು ಪಾದವನ್ನೂ ಮುಟ್ಟಿರಲಿಲ್ಲ. ಹೆಣಕ್ಕೆ ಹಿಡಿಯುವ ದಾರವನ್ನು ಉಸಿರಾಡುವ ಗೆಳೆಯನ ಕಾಲಿಗೆ ಹೇಗೆ ಹಿಡಿಯುವುದು? "ನಿನ್ನ ಕಾಲು ನನಗ ಗೊತ್ತಿಲ್ಲೇನು, ಮಲಕೋ," ಎಂದು ಗದರಿ ಹೊರಗೆ ಬಂದುಬಿಟ್ಟ.

ಊರಾಚೆಯ ಜಾಲಿಗಿಡದ ಹತ್ತಿರ ನಿಂತು ಅವನು ಚಪ್ಪಲಿ ಕಳಚಿದ. ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಒಂಬತ್ತು ಪಾದ ನಡೆದ, ತಿರುಗಿ ಐದು ಪಾದ ನಡೆದ, ಮೂಲೆಗಳಿಗೆ ಗೂಟ ಬಡಿದ. ಆಗ ಅವನ ತಲೆಯಲ್ಲಿದ್ದದ್ದು ಕೆಲಸ ಬೇಗ ಮುಗಿಯಬೇಕೆಂಬುದೊಂದೇ.

ಮಧ್ಯಾಹ್ನ ಹೆಂಡತಿ ಅಮೃತಮ್ಮ ಬುತ್ತಿ ತಂದಳು. ಕುಣಿ ಆಗಲೇ ಮೊಣಕಾಲು ಮುಳುಗುವಷ್ಟಾಗಿ ಹಾಸುಗಲ್ಲಿಗೆ ಇಳಿದಿತ್ತು. ಅಂಚಿನ ಪುಡಿಮಣ್ಣಿನ ಮೇಲೆ ಒಂದರ ಹಿಂದೆ ಒಂದು ಸಾಲಾಗಿ ಮೂಡಿದ್ದ ಹೆಜ್ಜೆಗಳನ್ನು ಅವಳು ಬಗ್ಗಿ ನೋಡಿದಳು. ಎಡಗಾಲಿನ ಕಿರುಬೆರಳು ಇಲ್ಲದ ಹೆಜ್ಜೆ. ಆ ಬೆರಳು ಗಣಿಯಲ್ಲಿ ಹೋದ ದಿನ ರಕ್ತ ಒರೆಸಿದವಳೇ ಅವಳು.

"ಇದು ಯಾರ ಅಳತಿರಿ?"

ಸಾಯಬಣ್ಣನ ಹಾರೆ ಎತ್ತಿದಲ್ಲೇ ನಿಂತಿತು. ತನ್ನ ಪಾದದಿಂದಲೇ ಅಳೆದದ್ದು ಅವನಿಗೆ ಗೊತ್ತಾದದ್ದು ಆಗಲೇ.

"ಯಾರ ಅಳತಿ ಅಂತ ಕೇಳ್ಲಿಕತ್ತೀನಿ," ಎಂದು ಅವಳು ಕೂಗಿದಳು. ಕೂಗಿದ್ದು ದನ ಮೇಯಿಸುವವರ ಕಿವಿಗೂ ಬಿತ್ತು. ಇನ್ನೇನು, ದೀಪ ಹಚ್ಚುವ ಹೊತ್ತಿಗೆ ಸಾಯಬಣ್ಣ ತನ್ನ ಕುಣಿ ತಾನೇ ತೋಡಿಕೊಂಡ ಸುದ್ದಿ ಮನೆಮನೆಗೆ ಮುಟ್ಟಿತ್ತು.

ಹಣಮಂತರಾಯನ ಪಾದ ಅವನದಕ್ಕಿಂತ ಸಣ್ಣದು, ಆದರೆ ಹಾಸುಗಲ್ಲು ಕಡಿದು ಮಾಡಿದ ಗೋಡೆಯನ್ನು ಮತ್ತೆ ಕಿರಿದು ಮಾಡಲಾಗುವುದಿಲ್ಲ. ಬೇರೆ ಕುಣಿ ತೋಡೋಣವೆಂದರೆ, ತೆರೆದ ಕುಣಿಯನ್ನು ಬರಿದೇ ಮುಚ್ಚಿದರೆ ಅದು ಮನೆಯವರನ್ನೇ ಕರೆಯುತ್ತದೆಂದು ಹಿರಿಯರು ಹೆದರಿಸಿದರು. ಹೆದರಿಸುವುದರಲ್ಲಿ ನಮ್ಮ ಹಿರಿಯರು ಎಂದೂ ಜಿಪುಣತನ ಮಾಡಿದವರಲ್ಲ. ಕೆಲಸವಂತೂ ಅವನೇ ಪೂರೈಸಿದ. ಕುಣಿ ಬಾಯಿ ತೆರೆದುಕೊಂಡು ಬಿಸಿಲಲ್ಲಿ ಬಿದ್ದಿತ್ತು. ಐದನೆಯ ದಿನ ಯಾರದೋ ಆಡಿನ ಮರಿ ಅದರೊಳಗೆ ಬಿದ್ದು ಸತ್ತಿತು. ಎಂಟನೆಯ ದಿನ ಗಣಿಯಲ್ಲಿ, ಸಾಯಬಣ್ಣ ನೀರು ಕುಡಿಯಲು ಎದ್ದು ಬಂದ ಜಾಗದ ಮೇಲೆಯೇ ಆಳುದ್ದದ ಪದರ ಕಳಚಿ ಬಿತ್ತು. ಬಗಲಲ್ಲಿದ್ದವರು ಅವನ ಮುಖ ನೋಡಿದರು, ಆಮೇಲೆ ಅವನ ಕಾಲು ನೋಡಿದರು. ಹತ್ತನೆಯ ದಿನ ಅವನಿಗೂ ಕೆಮ್ಮು ಹತ್ತಿತು. ಧೂಳಿನ ಊರಲ್ಲಿ ಕೆಮ್ಮದವರು ಯಾರು? ಆದರೆ ಅವನು ಒಮ್ಮೆ ಕೆಮ್ಮಿದರೆ ಅಮೃತಮ್ಮ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಕೂರುತ್ತಿದ್ದಳು. ಸಾವನ್ನು ದಾರ ಹಿಡಿದು ಅಳೆದವನಿಗೆ ಈಗ ಊಟ ಒಳಗಿಳಿಯುತ್ತಿರಲಿಲ್ಲ. ಗೆಳೆಯನ ಮನೆಗೆ ಹೋಗುವುದನ್ನೂ ಬಿಟ್ಟ. ಹಣಮಂತರಾಯ ಇವತ್ತು ಹೋಗಿಬಿಟ್ಟರೆ ತಾನು ಉಳಿದೆನೆಂಬ ವಿಚಾರ ಒಂದು ದಿನ ಮನಸ್ಸಿಗೆ ಬಂದು, ತನ್ನ ಬಗ್ಗೆ ತನಗೇ ಅಸಹ್ಯವಾಯಿತು.

ಹದಿನಾಲ್ಕನೆಯ ದಿನ ಅವನು ನಿರ್ಧಾರಕ್ಕೆ ಬಂದ. ಹಿರಿಯರು ಏನಾದರೂ ಅನ್ನಲಿ, ಮುಚ್ಚಿಬಿಡುವುದು. ಬೆಳಿಗ್ಗೆ ಸಲಿಕೆ ಹಿಡಿದು ಹೋದರೆ ಕುಣಿಯ ಹತ್ತಿರ ಹಣಮಂತರಾಯನ ನೆರೆಮನೆಯ ಅಬ್ದುಲ್ ಗನಿಯ ಎತ್ತಿನ ಬಂಡಿ ನಿಂತಿತ್ತು. ಗಾದಿ ಹಾಸಿದ ಬಂಡಿಯಲ್ಲಿ ಹಣಮಂತರಾಯ ಒರಗಿದ್ದ. ಅರ್ಧಕ್ಕೆ ಅರ್ಧ ಕರಗಿಹೋಗಿದ್ದ, ಕಣ್ಣು ಮಾತ್ರ ಹಾಗೇ ಇದ್ದವು.

"ಎರಡು ದಿನದಿಂದ ಕಾಡಲಿಕತ್ತಾನ, ತನ್ನ ಮನಿ ತೋರಸು ಅಂತ," ಎಂದ ಗನಿ, ಯಾರೂ ಕೇಳದಿದ್ದರೂ.

"ಸಲಿಕಿ ಯಾಕ ತಂದಿ?" ಎಂದು ಹಣಮಂತರಾಯ ಕೇಳಿದ.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಮುಚ್ಚಲಿಕ್ಕ," ಎಂದು ಸಾಯಬಣ್ಣ ಬಂಡಿಯ ಗಾಲಿಗೆ ಬೆನ್ನು ಕೊಟ್ಟು ಕುಕ್ಕರಿಸಿದ. ದಾರ ಹಿಡಿಯಲು ಆಗದ್ದು, ತನ್ನ ಪಾದ ಇಟ್ಟದ್ದು, ಆಡಿನ ಮರಿ, ಕಳಚಿದ ಪದರ, ಕೊನೆಗೆ ಆ ಹೊಲಸು ವಿಚಾರ, ಎಲ್ಲವನ್ನೂ ಹೇಳಿದ.

ಹಣಮಂತರಾಯ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ಟವೆಲ್ಲಿನ ಮೇಲೆ ಕೆಂಪಾಯಿತು. ಗನಿ ಎತ್ತಿನ ಕೊರಳು ಸವರುತ್ತ ಅತ್ತ ತಿರುಗಿದ.

"ಸಿಟ್ಟು ಬರಲಿಲ್ಲೇನೋ ನಿನಗ?" ಎಂದ ಸಾಯಬಣ್ಣ.

"ಯಾಕ ಬರ್ತದ? ನಿನಗ ಬದಕಬೇಕು ಅನಸೇದ. ಅದು ತಪ್ಪಲ್ಲ."

"ನಿನಗ ಅಂಜಿಕಿ ಇಲ್ಲ?"

"ಇತ್ತು. ದವಾಖಾನಿ ಮುಂದ ಬಸ್ಸಿಗಿ ಕಾಯ್ಕೋತ ನಿಂತಾಗ ಕೈಕಾಲು ತಣ್ಣಗಾಗಿದ್ವು. ಬಸ್ಸಿನ್ಯಾಗ ಕುಂತ ಮ್ಯಾಲ ಗುರುವಿನ ಮಾತು ನೆನಪಾತು. ಸಾಯೂ ಹೊತ್ತಿಗಿ ನಮ್ಮನ್ನ ಕರಿಯಾವ ಹೊರಗಿನಾವ ಅಲ್ಲ, ನಮ್ಮಾವೇ ಅಂತಿದ್ದ. ಅವತ್ತಿಂದ ಒಳಗ ಏನೋ ಒಂದು ಖುಷಿ ಅದ, ಹೇಳ್ಲಿಕ್ಕ ಬರಾಂಗಿಲ್ಲ. ದಮ್ಮು ಹತ್ತಿ ಒದ್ಯಾಡುವಾಗೂ ಅದು ಇರ್ತದ."

"ನನಗ ಆ ಖುಷಿ ಬರವಲ್ದು."

"ಬರದಿದ್ರ ಬ್ಯಾಡ, ಅಂಜಿಕೋತೇ ಬಾ. ಆದ್ರ ನನ್ನ ಒಳಗ ಇಳಸಾವ ನೀನೇ. ಬ್ಯಾರೆಯವರ ಕೈಯಾಗ ಕೊಡಬ್ಯಾಡ. ಅಲ್ಲಿ ನಿಂತು ನನ್ನ ಪಾಳಿ ಪದ ಹಾಡು. ಅಳಬ್ಯಾಡ." ಅವನು ಕೈ ಚಾಚಿದ. ಸಾಯಬಣ್ಣ ಅದರ ಮೇಲೆ ತನ್ನ ಕೈ ಇಟ್ಟು ಮಾತು ಕೊಟ್ಟ. ಸಲಿಕೆಯನ್ನು ಬಂಡಿಯಲ್ಲಿ ಹಾಕಿಕೊಂಡು ಮೂವರೂ ಊರಿಗೆ ಹಿಂದಿರುಗಿದರು.

ಹತ್ತೊಂಬತ್ತನೆಯ ದಿನ, ಹೊತ್ತು ಮಾರುದ್ದ ಏರುವಷ್ಟರಲ್ಲಿ, ಸುಂದರಬಾಯಿಯ ಕೈಯಿಂದ ಎರಡು ಚಮಚೆ ಗಂಜಿ ಕುಡಿದು ಹಣಮಂತರಾಯ ಪ್ರಾಣ ಬಿಟ್ಟ. ತುಟಿಗಳು ಒಳಗೊಳಗೇ ಏನನ್ನೋ ಹಾಡುತ್ತಿದ್ದವು, ಹಾಡುತ್ತ ನಿಂತವು. ಅವನು ಹೇಳಿಟ್ಟಿದ್ದಂತೆ ಸುಂದರಬಾಯಿ ಬಂದವರ ಕೈಗೆಲ್ಲ ಸಕ್ಕರೆ ಹಾಕಿದಳು. ಕಣ್ಣಿನಿಂದ ನೀರು ಸುರಿಯುತ್ತಲೇ ಇತ್ತು, ಕೈ ಮಾತ್ರ ತಪ್ಪಲಿಲ್ಲ. ಜನ ಸಕ್ಕರೆ ಬಾಯಿಗೆ ಹಾಕಿಕೊಂಡು ಸಾಯಬಣ್ಣನನ್ನು ಹುಡುಕಿ ನೋಡಿದರು. ಕುಣಿ ತುಂಬುವುದು ಒಬ್ಬರಿಂದಲೋ ಇಬ್ಬರಿಂದಲೋ ಎಂದು ಅವರ ಕಣ್ಣು ಕೇಳುತ್ತಿದ್ದವು.

ಕುಣಿಯ ಅಂಚಿನಲ್ಲಿ ಅಮೃತಮ್ಮ ಗಂಡನ ರಟ್ಟೆ ಹಿಡಿದಳು. "ಬ್ಯಾರೆ ಯಾರರೆ ಇಳೀಲಿ. ನಿಮ್ಮ ಕಾಲ ಬೀಳ್ತೀನಿ. ಅದು ನಿಮ್ಮ ಅಳತಿ."

"ಕೈ ಮ್ಯಾಲ ಕೈ ಇಟ್ಟೀನಿ," ಎಂದು ಅವನು ರಟ್ಟೆ ಬಿಡಿಸಿಕೊಂಡ. ಅವನ ಹಲ್ಲು ಕಟಕಟ ಎನ್ನುತ್ತಿದ್ದುದು ಅವಳಿಗೆ ಕೇಳಿಸಿತು.

ಮೆಟ್ಟಿಲಿನಂತೆ ಕಡಿದ ಕಲ್ಲುಗಳ ಮೇಲೆ ಕಾಲಿಡುತ್ತ ಸಾಯಬಣ್ಣ ಇಳಿದ. ಮೇಲೆ ಬೆಂಕಿಯಂಥ ಬಿಸಿಲು, ಒಳಗೆ ಹಸಿ ಕಲ್ಲಿನ ತಂಪು. ಗನಿ ಮತ್ತು ಇನ್ನಿಬ್ಬರು ಹೆಣವನ್ನು ಇಳಿಬಿಟ್ಟರು. ಹತ್ತಿಯ ಚೀಲದಷ್ಟು ಹಗುರವಾಗಿತ್ತು. ಗೂಡಿನೊಳಗೆ ಕೂರಿಸಿ, ಬೆನ್ನಿಗೆ ಮಣ್ಣು ಕೊಟ್ಟು, ಹಣೆಗೆ ವಿಭೂತಿ ಹಚ್ಚಿದ. ಹಣಮಂತರಾಯ ಗೂಡಿನ ಒಂದು ಬದಿಗೆ ಸೇರಿಹೋಗಿದ್ದ. ಪಕ್ಕದಲ್ಲಿ ಇನ್ನೊಬ್ಬ ಕೂರುವಷ್ಟು ಜಾಗ ಖಾಲಿ ಉಳಿದಿತ್ತು. ಸಾಯಬಣ್ಣ ಅದನ್ನು ನೋಡಿದ. ಅವನು ಅಲ್ಲೇ ಕುಸಿದು ಕುಳಿತ.

ಬಗ್ಗಿ ನೋಡುತ್ತಿದ್ದ ಜನರ ಕಾಲಡಿಯ ಅಂಚು ಜರಿದು ಬುಟ್ಟಿ ಮಣ್ಣು ಅವನ ತಲೆಯ ಮೇಲೆ ಬಿತ್ತು. ಮೇಲೆ ಹೋ ಎಂದು ಕೂಗಿದರು. ಅಮೃತಮ್ಮನ ದನಿ ಎಲ್ಲರ ದನಿಗಿಂತ ಮೇಲಿತ್ತು. "ಮ್ಯಾಲ ಬರ್ರಿ!"

ಅವನು ಬರಲಿಲ್ಲ. ಕಣ್ಣೊಳಗಿನ ಮಣ್ಣು ಒರೆಸಿಕೊಂಡು ಗೆಳೆಯನ ಮುಖ ನೋಡಿದ. ಪಾಳಿ ಮುಗಿದ ಮೇಲೆ ಗೋಡೆಗೆ ಒರಗಿ ಕೂರುತ್ತಿದ್ದವನ ಮುಖವೇ ಅದು. ಸಾಯಬಣ್ಣ ಬಾಯಿ ತೆರೆದ. ಒಡಕು ದನಿಯಲ್ಲಿ, ಶ್ರುತಿಯಿಲ್ಲ, ತಾಳ ಮಾತ್ರ ಇದೆ, ಪದ ಹೊರಟಿತು:

"ಪಾಳಿ ಮುಗೀತೋ ತಂದೆ, ಬಾಗಿಲ ತೆಗಿ..."

ಮೇಲಿನ ಗದ್ದಲ ನಿಂತಿತು. ಎರಡನೆಯ ಸಲ ಹಾಡಿದಾಗ ಭಜನೆಯವರು ದನಿಗೂಡಿಸಿದರು. ಸಾಯಬಣ್ಣ ಹಾಡುತ್ತಲೇ ಬೊಗಸೆ ಬೊಗಸೆಯಾಗಿ ಮಣ್ಣು ಹಾಕಿದ, ಪಾದಕ್ಕೆ, ಮೊಣಕಾಲಿಗೆ, ಎದೆಗೆ. ಪಕ್ಕದ ಖಾಲಿ ಜಾಗಕ್ಕೂ ಹಾಕಿದ. ಮುಖದ ಮೇಲೆ ಬಿಲ್ವಪತ್ರೆ ಇಟ್ಟು, ಕಣ್ಣಲ್ಲಿ ಒಂದು ಹನಿಯೂ ಇಲ್ಲದೆ ಮೆಟ್ಟಿಲು ಹತ್ತಿ ಮೇಲೆ ಬಂದ. ಅವನು ದಾಟುವಷ್ಟು ದಾರಿ ಬಿಟ್ಟು ಜನ ಎರಡೂ ಕಡೆ ಸರಿದು ನಿಂತರು.

ಮನೆಯ ಹಿತ್ತಲಲ್ಲಿ ಅಮೃತಮ್ಮ ಅವನ ತಲೆಗೆ ನೀರು ಹಾಕುತ್ತಿದ್ದಳು. ಮೂರು ಕೊಡ ಮುಗಿದವು.

"ಒಳಗ ಅಂಜಿಕಿ ಆಗಲಿಲ್ಲೇನ್ರಿ?" ಎಂದಳು.

"ಆತು. ಇನ್ನೂ ಅದ."

"ಮತ್ತ ಹ್ಯಾಂಗ ಹಾಡಿದ್ರಿ?"

ಸಾಯಬಣ್ಣ ಮುಖದ ನೀರು ಒರೆಸಿಕೊಂಡ. ಬೆಳಗಿನಿಂದ ತಡೆದದ್ದೆಲ್ಲ ಈಗ ಕಣ್ಣಿಗೆ ಬಂತು, ಅವನು ಅದನ್ನು ತಡೆಯಲಿಲ್ಲ.

"ಅರವತ್ತು ಕುಣಿ ತೋಡಿದೆ, ಅಲ್ಲಿ ನನ್ನ ಹಾದಿ ಕಾಯಾವ ಒಬ್ಬನೂ ಇರಲಿಲ್ಲ," ಎಂದ. "ಈಗ ಹಣಮಂತ ಅದಾನ."