ಬಾಗಿಲಿಗೆ ಮುಖ ಮಾಡಿದ ಚಪ್ಪಲಿಗಳು

ಒಸಾಕಾದಲ್ಲಿ ತಂಗಿ ಶುಭಾಳ ಕನ್ನಡ ಗುಂಪಿಗೆ ಗಣೇಶನ ಹಬ್ಬದ ಊಟಕ್ಕೊಂದು ಹಾಲ್ ಬೇಕಿತ್ತು. ದೊಡ್ಡ ಅಡುಗೆಮನೆ ಇರುವ ಹಾಲ್ ಸಿಕ್ಕಿದ್ದು ಒಂದು ಹೊಸ ಪಂಥದವರ ಕಟ್ಟಡದಲ್ಲಿ. ಒಳಗೆ ಹೋದವರನ್ನು ಅವರು ಬಿಡುವುದೇ ಇಲ್ಲವೆಂದು ಊರೆಲ್ಲ ಮಾತು.

"ಅಕ್ಕಾ, ಫೋನ್ ನಂಬರ್ ಮಾತ್ರ ಕೊಡ್ಬೇಡ. ಪ್ರವಚನ ಶುರು ಮಾಡಿದ್ರೆ ಎದ್ದು ಬಂದ್ಬಿಡೋಣ," ಎಂದು ಹಾಲ್ ನೋಡಲು ಹೋದಾಗ ಶುಭಾ ಬಾಗಿಲಲ್ಲೇ ನನ್ನನ್ನು ಎಚ್ಚರಿಸಿದಳು. ಆ ಗಾಬರಿಯಲ್ಲಿ ಇಬ್ಬರೂ ಕಲ್ಯಾಣಮಂಟಪದ ಮುಂದೆ ಬಿಡುವ ಹಾಗೆ ಚಪ್ಪಲಿ ಬಿಟ್ಟೆವು. ನನ್ನದೊಂದು ಮಗುಚಿಯೇ ಬಿದ್ದಿತು.

ಒಳಗೆ ಮೋರಿ ಸಾನ್ ಎಂಬ ಅಜ್ಜಿ ಚಹಾ ಕೊಟ್ಟು ಹಾಲ್ ತೋರಿಸಿದರು. ಶುಭಾ ಕಾದೇ ಕಾದಳು. ಅಜ್ಜಿ ಬೋಧಿಸಿದ್ದು ಒಂದೇ: ಪ್ಲಾಸ್ಟಿಕ್ ಒಂದು ಚೀಲಕ್ಕೆ, ಉಳಿದ ಕಸ ಇನ್ನೊಂದಕ್ಕೆ. ಅದನ್ನು ಮಾತ್ರ ಪರಮ ಭಕ್ತಿಯಿಂದ ಎರಡು ಸಲ ಹೇಳಿದರು.

ಹೊರಡುವಾಗ ನೋಡಿದರೆ ನಮ್ಮ ಚಪ್ಪಲಿಗಳು ಜೋಡಿಯಾಗಿ, ಬಾಗಿಲ ಕಡೆಗೆ ತಿರುಗಿ ನಿಂತಿದ್ದವು. ಯಾರೋ ಬಗ್ಗಿ ಒಪ್ಪವಾಗಿ ಇಟ್ಟಿದ್ದರು. ಕಾಲು ತೂರಿಸಿದರೆ ಸಾಕು, ನೇರ ಬೀದಿಗೆ.

ಶುಭಾ ಮೆಟ್ಟಿದ ಚಪ್ಪಲಿಯನ್ನು ಮತ್ತೆ ಕಳಚಿದಳು.

"ತಾಳು ಅಕ್ಕಾ, ಅಜ್ಜೀನೂ ಊಟಕ್ಕೆ ಕರೆದು ಬರ್ತೀನಿ. ಕಡುಬು ತಿನ್ನೋವರ್ಗೂ ಅವ್ರನ್ನ ಬಿಡಲ್ಲ."