ಮಾರ್ತಾಳ ತೊಟ್ಟಿಲು

“ಮದ್ವೆ ಆಗಿ ಎಷ್ಟ್ ವರ್ಸ ಆಯ್ತವ್ವ? ನಮ್ ಸೊಸೆಗೆ ಆರಾಯ್ತು.”

ದೊಡ್ಡಮಳೂರು ದೇವಸ್ಥಾನದಲ್ಲಿ ಅಜ್ಜಿಯೊಬ್ಬರು ಹೀಗೆ ಕೇಳಿದ್ದು ನಮ್ಮ ಮನೆಯಲ್ಲಿ ತಂಗಿದ್ದ ಪೋಲೆಂಡಿನ ವಿದ್ಯಾರ್ಥಿನಿ ಮಾರ್ತಾಳನ್ನು. ವಾರವಿಡೀ ಚನ್ನಪಟ್ಟಣದಲ್ಲಿ ಗೊಂಬೆ ಕೆಲಸ ಕಲಿತು, ತಾನೇ ಮಾಡಿದ ಪುಟ್ಟ ತೊಟ್ಟಿಲನ್ನು ಹಿಡಿದುಕೊಂಡಿದ್ದಳು. ಅವಳ ಊಟ, ನೀರು, ಬಿಸಿಲಿನ ಚಿಂತೆಯಲ್ಲಿ ಮುಳುಗಿದ್ದ ನನಗೆ, ಮಕ್ಕಳಾಗಲೆಂದು ಅಲ್ಲಿ ತೊಟ್ಟಿಲು ಒಪ್ಪಿಸುತ್ತಾರೆಂಬುದೇ ಮರೆತಿತ್ತು.

“ಮದುವೆ ಆಗಿಲ್ಲಜ್ಜಿ, ಓದ್ತಿದ್ದಾಳೆ” ಎಂದು ತೊದಲಿದೆ.

“ಅದ್ಕೇನವ್ವ, ಸ್ವಾಮಿ ಕಿವಿಗೆ ಮುಂಚೇನೇ ಹಾಕ್ದಂಗಾಯ್ತು ಬುಡು.”

ವಿಷಯ ಬಿಡಿಸಿ ಹೇಳಿದಾಗ ಮಾರ್ತಾ ನಕ್ಕಳು. ಆಮೇಲೆ ಅಜ್ಜಿಯ ಹಿಂದೆ ತಲೆ ತಗ್ಗಿಸಿ ನಿಂತಿದ್ದ ಸೊಸೆಯ ಕೈಗೆ ತೊಟ್ಟಿಲನ್ನು ಕೊಟ್ಟುಬಿಟ್ಟಳು. ನಾಳೆ ಗೊಂಬೆ ಕೆಲಸ ಕಲಿಸುವ ಮೇಷ್ಟ್ರಿಗೆ ಏನು ತೋರಿಸುತ್ತಾಳೋ ಎಂಬ ಹೊಸ ಚಿಂತೆ ನನಗೆ ಹತ್ತಿಕೊಂಡಿತು.

ಮಾರ್ತಾ ತನ್ನ ದೇಶಕ್ಕೆ ಮರಳಿ ತಿಂಗಳುಗಳಾದವು. ಆ ಸೊಸೆ ಬಸುರಿಯೋ ಅಲ್ಲವೋ, ಅವಳ ಹೆಸರೂ ನನಗೆ ಗೊತ್ತಿಲ್ಲ. ಆದರೂ ಅವಳ ಹೆರಿಗೆ ಸಲೀಸಾಗಬೇಕಲ್ಲ ಎಂದು ಈಗಿನಿಂದಲೇ ಚಿಂತಿಸುತ್ತಿದ್ದೇನೆ.