ತೂಕದ ಸಾಹೇಬರ ಬಚ್ಚಲ ಚಿಲಕ

ತೂಕದ ಸಾಹೇಬರು ನಿವೃತ್ತರಾಗಿ ಎಷ್ಟು ಕಾಲವಾದರೂ, ನನ್ನ ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲು ಹತ್ತಿದರೆಂದರೆ ನನ್ನ ಕಣ್ಣು ತಾನಾಗಿ ತಕ್ಕಡಿಯತ್ತ ಹೋಗುತ್ತದೆ. ತೂಕ-ಅಳತೆ ಇಲಾಖೆಯಲ್ಲಿದ್ದಾಗ ಬೀದಿಯ ವ್ಯಾಪಾರಿಗಳೆಲ್ಲ ಅವರ ಚಪ್ಪಲಿಯ ಸದ್ದಿಗೇ ಎದ್ದು ನಿಲ್ಲುತ್ತಿದ್ದರು. ಟೀ ಕೊಟ್ಟರೆ, "ಯಾಕೆ ಕೊಡ್ತಿದೀಯ?" ಎನ್ನುವವರು. ತಕ್ಕಡಿಯ ತಟ್ಟೆಯಡಿ ಮೇಣ ಮೆತ್ತಿದೆಯೇನೋ ಎಂದು ಉಗುರಿನಿಂದ ಕೆರೆಯುವರು. ನನ್ನಲ್ಲಿ ಎಂದೂ ಮೇಣ ಸಿಗಲಿಲ್ಲ. ಅದರಿಂದಲೇ ನನ್ನ ಮೇಲೆ ಅವರ ಅನುಮಾನ ಹೆಚ್ಚಾಯಿತು.

ಈ ಸಲ ಬಂದದ್ದು ಮಗಳ ಬೆನ್ನಿಗೆ. ಮಗಳು ಶಾಲೆಯಲ್ಲಿ ಟೀಚರು. ಹಿಂದಿನ ವಾರ ಸಾಹೇಬರು ಬಚ್ಚಲಲ್ಲಿ ಜಾರಿ ಮೊಣಕೈ ಜಜ್ಜಿಕೊಂಡಿದ್ದರು. ಒಳಗಿನಿಂದ ಚಿಲಕ. ಆಕೆ ಬಾಗಿಲು ಬಡಿಯುತ್ತ ನಿಂತಿದ್ದಂತೆ ಇವರೇ ತೆವಳಿಕೊಂಡು ಬಂದು ತೆಗೆದರಂತೆ.

"ಗೋಡೆಗೆ ಗಟ್ಟಿ ಸ್ಟೀಲ್ ಹಿಡಿಕೆ, ಜಾರದ ಮ್ಯಾಟು, ದೊಡ್ಡ ಬಲ್ಬು ಕೊಡಿ. ಹಾಗೇ ಆ ಚಿಲಕ ಕಿತ್ತಾಕೋಕೆ ಯಾರನ್ನಾದ್ರೂ ಕಳಿಸಿ," ಎಂದಳು.

"ಕೇಳಿದ್ಯೇನಯ್ಯಾ?" ಸಾಹೇಬರು ನನ್ನತ್ತ ತಿರುಗಿದರು. "ಹಿಡಿಕೆ ಬರೀ ನೆಪ, ಕಣ್ಣಿರೋದು ಚಿಲಕದ ಮೇಲೆ. ಇವತ್ತು ಚಿಲಕ ಹೋಗುತ್ತೆ, ನಾಳೆ ನನಗೆ ಸ್ನಾನ ಮಾಡಿಸೋಕೆ ಆಳು ಬರುತ್ತೆ."

"ಅವತ್ತು ನೀವು ಸದ್ದಿಲ್ಲದೆ ಬಿದ್ದಿದ್ದಿದ್ರೆ ನಾನೇನು ಮಾಡ್ಬೇಕಿತ್ತು ಅಪ್ಪಾ?"

"ನಾನು ಸದ್ದಿಲ್ಲದೆ ಇದ್ದಿದ್ದು ಯಾವತ್ತಾದ್ರೂ ನೋಡಿದೀಯಾ?"

ನಾನು ಬಲ್ಬು ಹುಡುಕುವ ನೆಪದಲ್ಲಿ ಕೆಳಗೆ ಬಗ್ಗಿದೆ. ನಗು ಕಂಡರೆ ಅದಕ್ಕೂ ವಿಚಾರಣೆಯಾಗುತ್ತಿತ್ತು.

ಕೊನೆಗೆ ಮಗಳೇ ರಾಜಿಗೆ ಬಂದಳು. "ಹಿಡಿಕೆ ಗಟ್ಟಿಯಾಗಿ ನಿಂತ್ರೆ ಚಿಲಕ ಇರಲಿ. ಕಿತ್ತು ಬಂದ್ರೆ ಮಾತಿಲ್ಲದೆ ತೆಗೆಸ್ಬೇಕು. ಗಟ್ಟಿಯೋ ಅಲ್ವೋ ನೀವೇ ಹೇಳಿ, ಊರಿನ ತಕ್ಕಡಿಗೆಲ್ಲ ಮುದ್ರೆ ಒತ್ತಿದೋರಲ್ವಾ?"

ಮುದ್ರೆ ಎಂದೊಡನೆ ಸಾಹೇಬರ ಬೆನ್ನು ನೆಟ್ಟಗಾಯಿತು. ಒಪ್ಪಿದರು.

ಗಾರೆಯವನನ್ನು ನಾನೇ ಕಳಿಸಿದೆ. ಹಿಡಿಕೆ ಕೂತಿತು, ಮಗಳು ಎರಡೂ ಕೈಯಲ್ಲಿ ಎಳೆದು ನೋಡಿ ಸಮಾಧಾನಪಟ್ಟಳು. ಸಾಹೇಬರಿಗೆ ಅಲ್ಲೇ ಅನುಮಾನದ ಹುಳ ಹೊಕ್ಕಿತು. ಮಾಲು ನನ್ನದು, ಆಳೂ ನನ್ನ ಕಡೆಯವನು. ಇಬ್ಬರೂ ಸೇರಿ ಏನೋ ಮುಚ್ಚಿದ್ದಾರೆ!

ಮರುದಿನ ಮಗಳು ಶಾಲೆಗೆ ಹೋದಮೇಲೆ ನನಗೆ ಫೋನು ಬಂತು. "ಬಾ," ಎಂದರು, ಅಷ್ಟೇ.

ಬಚ್ಚಲಲ್ಲಿ ನೀರೋ ನೀರು. ಹಿಡಿಕೆಯ ಒಂದು ತುದಿ ಟೈಲ್ಸ್ ಸಮೇತ ಕಿತ್ತು ನೇತಾಡುತ್ತಿತ್ತು. ಹಗ್ಗ ಕಟ್ಟಿದ ಬಕೆಟ್‌ಗಳು ಕೆಳಗೆ ಉರುಳಿದ್ದವು. ಸಾಹೇಬರು ಬಾಗಿಲಾಚೆ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಮಧ್ಯದಲ್ಲಿ ಭಾರ ಇಟ್ರೆ ಕಳ್ಳ ತಕ್ಕಡೀನೂ ಸಾಚಾ ಥರ ನಿಲ್ಲುತ್ತೆ," ಎಂದರು. "ಮೂಲೇಲಿ ಇಡ್ಬೇಕು. ನಮ್ಮ ಇಲಾಖೆ ಪದ್ಧತಿ ಅದು. ಅದಕ್ಕೇ ಹಿಡಿಕೆ ತುದಿಗೆ ನೀರು ತುಂಬಿದ ಬಕೆಟ್ ಕಟ್ಟಿದೆ. ನೋಡು, ಟೈಲ್ಸ್ ಹಿಂದೆ ಬರೀ ಪೊಳ್ಳು."

ಬೈಗುಳಕ್ಕೆ ಕಾದೆ. ಬರಲಿಲ್ಲ. ಅವರ ನೋಟ ಹಿಡಿಕೆಯ ಮೇಲಿರಲಿಲ್ಲ, ಚಿಲಕದ ಮೇಲಿತ್ತು. ಆಗ ನನಗೆ ಹೊಳೆಯಿತು: ನನ್ನನ್ನು ಹಿಡಿಯಲು ಹೋದವರು ತಮ್ಮ ಚಿಲಕವನ್ನೇ ಸೋತಿದ್ದರು.

ವ್ಯಾಪಾರಿಯ ಬುದ್ಧಿ ಸುಮ್ಮನಿರುತ್ತದೆಯೇ? "ಸಾರ್, ಶಾಲೆ ಬಿಡೋದ್ರೊಳಗೆ ಇಟ್ಟಿಗೆವರೆಗೂ ಕೊರೆದು ಗಟ್ಟಿಯಾಗಿ ಕೂರಿಸ್ತೀನಿ. ಹೊಸ ಟೈಲ್ಸ್ ಹಾಕಿದ್ರೆ ಗುರುತೂ ಸಿಗಲ್ಲ. ನಿಮ್ಮ ಚಿಲಕ ಉಳಿಯುತ್ತೆ, ನನ್ನ ಮರ್ಯಾದೆನೂ ಉಳಿಯುತ್ತೆ."

ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ಒಪ್ಪಿದರೆಂದೇ ನನ್ನ ಎಣಿಕೆ.

"ಏನಯ್ಯಾ, ಆಗಿನ ಕಾಲದಲ್ಲಿ ನಿನ್ನ ತಕ್ಕಡಿ ಸರಿಯಾಗೇ ಇತ್ತಾ?"

"ಸರಿಯಾಗೇ ಇತ್ತು ಸಾರ್."

"ಈಗ ನನಗೆ ಅನುಮಾನ ಬರ್ತಿದೆ."

ಸಂಜೆವರೆಗೆ ಯಾವುದನ್ನೂ ಮುಟ್ಟಗೊಡಲಿಲ್ಲ. ಮಗಳು ಬಂದೊಡನೆ ಒಡೆದ ಟೈಲ್ಸ್ ತೋರಿಸಿ, "ಫೇಲು. ಚಿಲಕ ತೆಗೆಸು," ಎಂದರು.

ಈಗ ಅನುಮಾನ ಆಕೆಯದಾಯಿತು. "ಇಷ್ಟು ಸಲೀಸಾಗಿ ಒಪ್ಪೋರಲ್ವಲ್ಲ ನೀವು? ಏನು ಹೂಡಿದೀರಾ ಅಪ್ಪಾ?"

"ನನ್ನ ಮಗಳೇ ಕಣಮ್ಮಾ ನೀನು," ಎಂದು ಸಾಹೇಬರು ಸ್ಕ್ರೂಡ್ರೈವರನ್ನು ಆಕೆಯ ಕೈಗೇ ಕೊಟ್ಟರು.

ಆಮೇಲೆ ಇಟ್ಟಿಗೆವರೆಗೂ ಕೊರೆದು ಮತ್ತೆ ಕೂರಿಸಿದ ಹಿಡಿಕೆ ಹೇಗಿದೆಯೆಂದು ನೋಡಲು ಮುಂದಿನ ಭಾನುವಾರ ಹೋದೆ. ಸಾಹೇಬರು ಸ್ನಾನದಲ್ಲಿದ್ದರು. ಬಾಗಿಲು ಬರಿದೇ ಮುಚ್ಚಿತ್ತು. ಮಗಳು ದೂರದ ಅಡುಗೆಮನೆಯಲ್ಲಿ ತೊಳೆದ ಪಾತ್ರೆಗಳನ್ನೇ ಮತ್ತೆ ಮತ್ತೆ ಎತ್ತಿಟ್ಟು ಸದ್ದು ಮಾಡುತ್ತಿದ್ದಳು. ತಾನು ಬಾಗಿಲ ಬಳಿ ಇಲ್ಲವೆಂದು ಅಪ್ಪನಿಗೆ ತಿಳಿಯಬೇಕಲ್ಲ! ನನ್ನನ್ನು ಕಂಡು ಆಕೆ ಕೈ ನಿಲ್ಲಿಸಿದ್ದೇ ತಡ, ಒಳಗೆ ನೀರು ಸುರಿಯುವುದೂ ನಿಂತಿತು.

"ಬಾಗಿಲ ಹತ್ರ ಯಾರು?"

"ಯಾರೂ ಇಲ್ಲಪ್ಪಾ. ನೀವ್ಯಾಕೆ ನೀರು ನಿಲ್ಲಿಸಿದ್ರಿ?"

"ಸೋಪು ಹಾಕ್ಕೊಳ್ತಿದೀನಿ. ಅದನ್ನೂ ಹೇಳ್ಬೇಕಾ?"

"ಹೂಂ, ಹೇಳ್ಬೇಕು," ಎಂದು ಆಕೆ ಮತ್ತೆ ಪಾತ್ರೆ ಕುಟ್ಟತೊಡಗಿದಳು.